ಬೆಣ್ಣೆ ದೋಸೆಯ ಮೊದಲ ಒಲೆ

1928ರ ಸುಮಾರಿಗೆ ಬೆಳಗಾವಿ ಸೀಮೆಯ ಹಳ್ಳಿಯೊಂದರಿಂದ ಮಕ್ಕಳನ್ನು ಕರೆದುಕೊಂಡು ದಾವಣಗೆರೆಗೆ ಬಂದ ಚೆನ್ನಮ್ಮ, ನಾಟಕದ ಥಿಯೇಟರಿನ ಎದುರು ದೋಸೆ ಹಾಕಿ ಮಾರತೊಡಗಿದರು. ಆಗ ಹಿಟ್ಟು ರಾಗಿಯದು. ಮಕ್ಕಳ ಕಾಲಕ್ಕೆ ಅಕ್ಕಿ, ಉದ್ದು ಬಂದವು. ಜೊತೆಗೆ ಈ ಊರಿನ ಹೆಮ್ಮೆಯ ಮಂಡಕ್ಕಿಯೂ ರುಬ್ಬುಗಲ್ಲಿಗೆ ಬಿತ್ತು. ಹತ್ತಿಗಿರಣಿಗಳ ಊರಾಗಿದ್ದ ದಾವಣಗೆರೆಗೆ ಬೆಣ್ಣೆ ದೋಸೆಯ ರುಚಿ ಹತ್ತಿದ್ದು ಹೀಗೆ.

ಸೌದೆ ಒಲೆಯ ಕಾವಲಿಯ ಮೇಲೆ ಈ ಹಿಟ್ಟನ್ನು ತೆಳ್ಳಗೆ ಎಳೆಯುವುದಿಲ್ಲ. ಚಿಕ್ಕದಾಗಿ ಹುಯ್ದು ಧಾರಾಳವಾಗಿ ಬೆಣ್ಣೆ ಹಾಕಿದರೆ ಅಂಚು ಗರಿಗರಿ, ನಡು ಮೆತ್ತಗೆ. ಪಲ್ಯಕ್ಕೆ ಅರಿಶಿನವಿಲ್ಲ: ಬೇಯಿಸಿ ಹಿಸುಕಿದ ಬಿಳಿ ಆಲೂಗಡ್ಡೆ, ಹದವಾಗಿ ಉಪ್ಪು. ಖಾರವೆಲ್ಲ ಕಾಯಿ ಚಟ್ನಿಯದು. ಬೆಣ್ಣೆಯ ರುಚಿಯನ್ನು ಮಸಾಲೆ ಮುಚ್ಚದಂತೆ ನೋಡಿಕೊಂಡದ್ದೇ ಇಲ್ಲಿನವರ ಕೈಗುಣ.

ಹತ್ತಿರದ ಹರಿಹರದಲ್ಲಿ ತುಂಗಭದ್ರೆಯಲ್ಲಿ ಮಿಂದು, ಹರಿಹರೇಶ್ವರನ ದರ್ಶನ ಮುಗಿಸಿದವರು ಇತ್ತ ಬಂದರೆ ಕೇಳುವುದು ಬೆಣ್ಣೆ ದೋಸೆ ಹೋಟೆಲಿನ ದಾರಿಯನ್ನೇ.