ಮಡಿಲು ತುಂಬ ಬೆರಕೆ ಸೊಪ್ಪು

ಎರಡು ಹದಮಳೆ ಬಿದ್ದರೆ ಸಾಕು, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹೊಲಗಳಲ್ಲಿ ಯಾರೂ ಬಿತ್ತದ ಬೆಳೆ ಏಳುತ್ತದೆ: ಅಣ್ಣೆ, ಕನ್ನೆ, ಗಣಿಕೆ, ಚಗಚೆ, ಗೋಣಿ ಸೊಪ್ಪು, ಕೆರೆಯಂಚಿನಲ್ಲಿ ಹೊನಗೊನ್ನೆ. ಕಳೆ ತೆಗೆಯಲು ಹೋದ ಹೆಂಗಸರು ಕುಡಿಯನ್ನಷ್ಟೇ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಾರೆ.

ಸೊಪ್ಪು ಗುರುತಿಸುವ ಈ ವಿದ್ಯೆ ಕಣ್ಣು, ಮೂಗು, ಬೆರಳಿನದು. ಅಜ್ಜಿಯ ಹಿಂದೆ ನಡೆವ ಮಗು ಎಲೆ ಉಜ್ಜಿ ಮೂಸಿ ಗುರುತು ಕಲಿಯುತ್ತದೆ. ಗಣಿಕೆಯ ಕಪ್ಪು ಹಣ್ಣು ಬಾಯಿಗೆ. ಹಸಿರು ಕಾಯಿಯಲ್ಲಿ ವಿಷದ ಅಂಶವಿದೆ, ಮುಟ್ಟಬಾರದು. ಚಗಚೆ ಎಳೆಯದಿದ್ದರೆ ಮಾತ್ರ ರುಚಿ. ಹಲವು ಸೊಪ್ಪು ಕೂಡಿಸುವ ಬೆರಕೆಗೂ ಒಂದು ಗುಟ್ಟಿದೆ: ಒಂದರ ಲೋಳೆ, ಇನ್ನೊಂದರ ಕಹಿ ಸರಿದೂಗುತ್ತವೆ. ತೊಗರಿಬೇಳೆ ಜೊತೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ರಾಗಿಮುದ್ದೆಗೆ ಮಸ್ಸೊಪ್ಪು. ಕಳೆನಾಶಕ ಹೊಡೆದ ಹೊಲದ ಸೊಪ್ಪನ್ನು ಮಾತ್ರ ಯಾರೂ ಕೊಯ್ಯಬಾರದು.

ಬೆಟ್ಟದ ಪಾಠ ಬೇರೆ. ಕೊರಟಗೆರೆಯ ಸಿದ್ಧರಬೆಟ್ಟ ಗಿಡಮೂಲಿಕೆಗೆ ಹೆಸರಾದದ್ದು. ಕಲ್ಲುಗುಡ್ಡಗಳ ಬಂಡೆಸಂದಿನಲ್ಲಿ ಬೆಳೆಯುವ ಮಾಕಳಿ ಬಳ್ಳಿಯ ಬೇರನ್ನು ಉಪ್ಪಿನಕಾಯಿಗೆ ಅಗೆಯುತ್ತಾರೆ. ಚಿವುಟಿದ ಸೊಪ್ಪು ಮತ್ತೆ ಚಿಗುರುತ್ತದೆ. ಬೇರು ಕಿತ್ತರೆ ಬಳ್ಳಿಯೇ ಹೋಗುತ್ತದೆ. ಮಾರಾಟಕ್ಕೆಂದು ಮಿತಿಯಿಲ್ಲದೆ ಅಗೆದದ್ದರಿಂದ ಮಾಕಳಿ ಇಂದು ಅಳಿವಿನ ಅಂಚಿನಲ್ಲಿದೆ.