80 ಗೋಲು ಹೊಡೆದೂ ಕೆಳಗಿಳಿದವರು



2024ರ ಡಿಸೆಂಬರ್ ಕೊನೆಯ ಭಾನುವಾರ ಬೆಳಗ್ಗೆ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಡೊಂಬಿವಿಲಿಯಿಂದ ಒಂದು ಕರೆ ಬಂತು. ಹುಬ್ಬಳ್ಳಿ ಕಡೆಯ ಹುಡುಗ, ದನಿ ಸಪ್ಪಗಿತ್ತು. "ಅಕ್ಕಾರ, ಯಾವ್ದರ ಒಂದು ದುಃಖದ ಹಾಡ ಹಾಕ್ರಿ" ಅಂದ. ಮನೆಯಲ್ಲಿ ಏನಾದರೂ ಆಗಿದೆಯೋ, ಹುಡುಗಿ ಕೈಕೊಟ್ಟಳೋ ಎಂದು ನನಗೆ ಗಾಬರಿ. ಯಾರಿಗಾಗಿ ಹಾಡು ಎಂದು ಮೆಲ್ಲಗೆ ಕೇಳಿದೆ. "ಮ್ಯಾಂಚೆಸ್ಟರ್ ಸಿಟಿ ಸಲುವಾಗಿ ರೀ" ಅಂದ! ನಕ್ಕುಬಿಟ್ಟೆ. ಅವನು ನಗಲಿಲ್ಲ. "ಸೋತ್ರ ಸೋಲ್ಲಿ ಅಕ್ಕಾರ, ಅದಕ್ಕ ಸಿಟ್ಟಿಲ್ಲ. ಮೂರು ಗೋಲ ಹೊಡದ ಮ್ಯಾಲೆ ಹಿಂಗ್ಯಾಕ ಮಾಡ್ತಾರ?"

ಅವನ ಸಂಕಟಕ್ಕೆ ಕಾರಣವಿತ್ತು. ಸತತ ನಾಲ್ಕು ವರ್ಷ ಇಂಗ್ಲೆಂಡಿನ ಲೀಗ್ ಗೆದ್ದಿದ್ದ ತಂಡ ಅದು. 2024ರ ಅಕ್ಟೋಬರ್ ಕೊನೆಯಿಂದ ಕ್ರಿಸ್‌ಮಸ್ ಮರುದಿನದವರೆಗೆ ಆಡಿದ 13 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ನವೆಂಬರ್ 26ರಂದು ಡಚ್ ತಂಡ ಫೆಯನೂರ್ಡ್ ವಿರುದ್ಧ ಮುಕ್ಕಾಲು ಪಂದ್ಯ ಮುಗಿದಾಗ 3-0 ಮುಂದಿತ್ತು, ಮುಗಿಯುವಾಗ 3-3. ನಮ್ಮ ಗಡಿಯಾರದಲ್ಲಿ ಆ ಪಂದ್ಯ ಶುರುವಾದದ್ದೇ ರಾತ್ರಿ ಒಂದೂವರೆಗೆ. ಮುಗಿಸಿ, ಮಲಗಿ, ಬೆಳಗ್ಗೆ ಲೋಕಲ್ ಹಿಡಿದು ಆಫೀಸಿಗೆ ಹೋಗಬೇಕು. ಸಿಟ್ಟು ಬರದೆ ಇದ್ದೀತೇ?

ಮುಂಬೈ ಹುಡುಗರಿಗೆ ಈ ದೂರದೂರಿನ ತಂಡ ಯಾಕೆ ಎಂದು ಕೇಳುವ ಹಿರಿಯರಿದ್ದಾರೆ. 2019ರ ನವೆಂಬರ್‌ನಲ್ಲಿ ಸಿಟಿಯ ಒಡೆತನದ ಸಂಸ್ಥೆ ನಮ್ಮ ಮುಂಬೈ ಸಿಟಿ ತಂಡದ ಬಹುಪಾಲು ಷೇರು ಕೊಂಡಿತು. 2020-21ರಲ್ಲಿ ಮುಂಬೈ ತಂಡ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಅಲ್ಲಿಂದ ಈ ಊರಿನ ರೈಲುಗಳಲ್ಲಿ ತಿಳಿನೀಲಿ ಅಂಗಿಗಳು ಹೆಚ್ಚಾದವು.

ಹಾಡನ್ನೇನೋ ಹಾಕಿದೆ. ಆದರೆ ಅವನ ಪ್ರಶ್ನೆ ತಲೆಯಲ್ಲೇ ಉಳಿಯಿತು. ಕನ್ನಡ ಬಿ.ಎ. ಓದಿದ ನನಗೆ ಹಳೆಯ ಶಾಸನಗಳ ಚಾಳಿ ಇದೆಯೇ ಹೊರತು ಫುಟ್‌ಬಾಲ್ ಅಷ್ಟಕ್ಕಷ್ಟೆ. ಆದರೂ ಈ ತಂಡದ ಹಿಂದಿನ ಕಥೆ ಹುಡುಕುತ್ತಾ ಹೋದೆ. ಹೋದಂತೆ ತಿಳಿದದ್ದು, "ಹಿಂಗ್ಯಾಕ ಮಾಡ್ತಾರ" ಎಂಬ ಪ್ರಶ್ನೆಯನ್ನು ಆ ಊರಿನಲ್ಲಿ ನಾಲ್ಕೈದು ತಲೆಮಾರು ಕೇಳಿಕೊಂಡಿದೆ. ಇದರ ಪಕ್ಕದಲ್ಲಿಟ್ಟರೆ ಡೊಂಬಿವಿಲಿ ಹುಡುಗನ ದುಃಖ ಚಿಕ್ಕದು.

1936-37ರ ಋತುವಿನಿಂದ ಆರಂಭಿಸುತ್ತೇನೆ. ಆಗ ಸಿಟಿಯ ಮೈದಾನ ಮೇನ್ ರೋಡ್. 1934ರಲ್ಲಿ ಒಂದು ಕಪ್ ಪಂದ್ಯಕ್ಕೆ ಅಲ್ಲಿ 84,569 ಜನ ಸೇರಿದ್ದರು. ಸುತ್ತಮುತ್ತ ಹತ್ತಿ ಗಿರಣಿಗಳು, ಗೋದಾಮುಗಳು, ಶನಿವಾರ ಮಧ್ಯಾಹ್ನ ಕೆಲಸ ಬಿಟ್ಟು ನೇರ ಮೈದಾನಕ್ಕೆ ಬರುವ ದುಡಿಮೆಯ ಜನ. ನಮ್ಮ ಪರೇಲ್, ಲಾಲ್‌ಬಾಗ್ ಕಡೆಯ ಹಳೆಯ ಗಿರಣಿ ಕಾರ್ಮಿಕರನ್ನು ನೆನೆಸಿಕೊಂಡರೆ ಚಿತ್ರ ಕಣ್ಣಿಗೆ ಕಟ್ಟೀತು. ಮ್ಯಾನೇಜರ್ ವಿಲ್ಫ್ ವೈಲ್ಡ್. ಗೋಲಿನಲ್ಲಿ ದೈತ್ಯನಂಥ ಫ್ರಾಂಕ್ ಸ್ವಿಫ್ಟ್, ಎಡಬದಿಯಲ್ಲಿ ಎರಿಕ್ ಬ್ರೂಕ್, ನಡುವೆ ಐರ್ಲೆಂಡಿನ ಪೀಟರ್ ಡೊಹರ್ಟಿ. ಆ ಕಾಲದ ಅತ್ಯುತ್ತಮ ಆಟಗಾರರಲ್ಲಿ ಡೊಹರ್ಟಿಯ ಹೆಸರನ್ನು ಈಗಲೂ ಹೇಳುತ್ತಾರೆ.

ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ತಂಡ ಪಟ್ಟಿಯ ಮಧ್ಯದಲ್ಲೆಲ್ಲೋ ಇತ್ತು. ಆಮೇಲೆ ಏನಾಯಿತೋ, ಋತು ಮುಗಿಯುವವರೆಗೆ 22 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಒಟ್ಟು 107 ಗೋಲು, ಅದರಲ್ಲಿ ಡೊಹರ್ಟಿಯದೇ 30. ಮೊದಲ ಬಾರಿಗೆ ಲೀಗ್ ಚಾಂಪಿಯನ್. ಹಬ್ಬಕ್ಕೆ ಒಗ್ಗರಣೆ ಹಾಕಿದಂತೆ ಎದುರುಮನೆಯ ಮ್ಯಾಂಚೆಸ್ಟರ್ ಯುನೈಟೆಡ್ ಅದೇ ವರ್ಷ ಎರಡನೇ ಡಿವಿಷನ್‌ಗೆ ಇಳಿಯಿತು. ಸಿಟಿ ಅಭಿಮಾನಿಗೆ ಇನ್ನೇನು ಬೇಕು?

ಮುಂದಿನ ವರ್ಷ, ಅಂದರೆ 1937-38ರಲ್ಲಿ, ಬಹುಪಾಲು ಅದೇ ಆಟಗಾರರು, ಅದೇ ಮ್ಯಾನೇಜರ್. ಒಂದು ಶನಿವಾರ ದೇವತೆಗಳಂತೆ ಆಡುವುದು, ಮುಂದಿನ ಶನಿವಾರ ನಿದ್ದೆಯಿಂದ ಎದ್ದು ಬಂದವರಂತೆ ಆಡುವುದು. 1938ರ ಜನವರಿಯಲ್ಲಿ ಡರ್ಬಿ ಕೌಂಟಿಯ ಮನೆಯಂಗಳಕ್ಕೇ ಹೋಗಿ 7-1ರಿಂದ ಗೆದ್ದು ಬಂದರು. ಹಾಗೆ ಗೆದ್ದ ತಂಡ ವರ್ಷವಿಡೀ 42 ಪಂದ್ಯಗಳಲ್ಲಿ 14 ಗೆದ್ದು, 8 ಡ್ರಾ ಮಾಡಿ, 20 ಸೋತಿತು. ಹೊಡೆದ ಗೋಲು 80, ತಿಂದದ್ದು 77.

ಆ 80 ಗೋಲು ಆ ವರ್ಷದ ಮೊದಲ ಡಿವಿಷನ್‌ನಲ್ಲೇ ಅತಿ ಹೆಚ್ಚು. ಚಾಂಪಿಯನ್ ಆದ ಆರ್ಸೆನಲ್ ಹೊಡೆದದ್ದು 77. ಗೋಲಿನ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ, ಅಂಕದ ಲೆಕ್ಕದಲ್ಲಿ 22 ತಂಡಗಳ ಪೈಕಿ 21ನೆಯದು!

ಇದು ಹೇಗೆ ಸಾಧ್ಯ ಎಂದು ನನಗೂ ಮೊದಲು ಹೊಳೆಯಲಿಲ್ಲ. ಆಗ ಗೆಲುವಿಗೆ ಎರಡು ಅಂಕ, ಡ್ರಾಗೆ ಒಂದು. ಏಳು ಗೋಲಿನಿಂದ ಗೆದ್ದರೂ ಎರಡೇ ಅಂಕ, 1-0ಯಿಂದ ಗೆದ್ದರೂ ಎರಡೇ. ಒಂದು ದಿನ ಹಬ್ಬದೂಟ, ಮೂರು ದಿನ ಉಪವಾಸ ಎಂಬ ಸಂಸಾರವನ್ನು ಅಂಕಪಟ್ಟಿ ಮೆಚ್ಚುವುದಿಲ್ಲ. ಜೊತೆಗೆ ಆ ವರ್ಷ ಪಟ್ಟಿ ಬಹಳ ಬಿಗಿಯಾಗಿತ್ತು. ಆರ್ಸೆನಲ್ ಗೆದ್ದದ್ದು ಬರೀ 52 ಅಂಕಗಳಿಂದ, ಸಿಟಿಗೆ 36. ಮೊದಲನೆಯವರಿಗೂ ಕೊನೆಯವರಿಗೂ 16 ಅಂಕದ ಅಂತರವಷ್ಟೆ. ಎರಡೋ ಮೂರೋ ಶನಿವಾರ ನಿದ್ದೆ ಬಿಟ್ಟಿದ್ದರೆ ಸಾಕಿತ್ತು.

ಕೊನೆಯ ಪಂದ್ಯ 1938ರ ಮೇ 7ರಂದು, ಹಡರ್ಸ್‌ಫೀಲ್ಡ್‌ನಲ್ಲಿ. ಹಡರ್ಸ್‌ಫೀಲ್ಡ್ ತಂಡವೂ ಮುಳುಗುವ ಅಪಾಯದಲ್ಲಿತ್ತು. ಹಿಂದಿನ ವಾರವಷ್ಟೇ ಅವರು ಎಫ್.ಎ. ಕಪ್ ಫೈನಲ್‌ನ ಹೆಚ್ಚುವರಿ ಅವಧಿಯ ಕಟ್ಟಕಡೆಯ ನಿಮಿಷದಲ್ಲಿ ಪೆನಾಲ್ಟಿ ಕೊಟ್ಟು ಸೋತಿದ್ದರು. ದಣಿದ ತಂಡ, ನೊಂದ ತಂಡ. ಅಂಥವರ ಮುಂದೆ ಮೊದಲ ಡಿವಿಷನ್‌ನಲ್ಲೇ ಅತಿ ಹೆಚ್ಚು ಗೋಲು ಹೊಡೆದ ಸಿಟಿ ಒಂದೂ ಗೋಲು ಹೊಡೆಯಲಿಲ್ಲ. 1-0 ಸೋಲು. ಚಾಂಪಿಯನ್ನರು ಎರಡನೇ ಡಿವಿಷನ್‌ಗೆ ಇಳಿದರು. ಇಂಗ್ಲಿಷ್ ಲೀಗಿನ ಇತಿಹಾಸದಲ್ಲಿ ಗೆದ್ದ ಮರುವರ್ಷವೇ ಹಿಂಬಡ್ತಿ ಪಡೆದ ತಂಡ ಅದೊಂದೇ. ಅದೇ ಋತುವಿನಲ್ಲಿ ಯುನೈಟೆಡ್ ಮತ್ತೆ ಮೇಲೆ ಹತ್ತಿತು. ಹಿಂದಿನ ವರ್ಷ ಒಗ್ಗರಣೆ ಹಾಕಿದವರು ಈಗ ಉಪ್ಪು ಹಾಕಿದರು ಅನ್ನಿ.

(ಪಕ್ಕದ ಮಾತು: ಅದೇ 1937ರಲ್ಲಿ ನಮ್ಮ ಮುಂಬೈಯ ರೋವರ್ಸ್ ಕಪ್ ಗೆದ್ದವರು ಬೆಂಗಳೂರು ಮುಸ್ಲಿಮ್ಸ್ ತಂಡದವರು. ಅದುವರೆಗೆ ಆ ಕಪ್ ಬ್ರಿಟಿಷ್ ಪಲ್ಟನ್‌ಗಳ ಸ್ವತ್ತಿನಂತಿತ್ತು. 1938ರಲ್ಲಿ ಮತ್ತೆ ಅವರೇ ಗೆದ್ದರು. ಏರಿದ ಮೇಲೆ ನಿಲ್ಲುವುದು ಹೇಗೆಂದು ನಮ್ಮವರಿಗೆ ಗೊತ್ತಿತ್ತು ಎಂದು ಹೇಳಿಕೊಳ್ಳಲು ನನಗೆ ಸ್ವಲ್ಪ ಜಂಬ.)

ಸಿಟಿ ಮೇಲೆ ಬರಬೇಕೆನ್ನುವಷ್ಟರಲ್ಲಿ ಯುದ್ಧ ಬಂತು. ಮೊದಲ ಡಿವಿಷನ್‌ಗೆ ಮರಳಿದ್ದು 1947ರಲ್ಲಿ. ಅಷ್ಟರಲ್ಲಿ ಡೊಹರ್ಟಿ ತಂಡ ಬಿಟ್ಟಿದ್ದ. 1946ರಲ್ಲಿ ಅವನು ಎಫ್.ಎ. ಕಪ್ ಗೆದ್ದದ್ದು ಯಾರ ಪರವಾಗಿ ಗೊತ್ತೇ? ಡರ್ಬಿ ಕೌಂಟಿ. ಹಿಂದೆ ಸಿಟಿ ಏಳು ಗೋಲು ಹೊಡೆದು ಬಂದಿದ್ದ ಅದೇ ಡರ್ಬಿ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಒಂದು ವರ್ಷದ ಗ್ರಹಚಾರ ಎನ್ನಬಹುದಿತ್ತು. 1968ರಲ್ಲಿ ಸಿಟಿ ಕೊನೆಯ ದಿನ ನ್ಯೂಕಾಸಲ್‌ನಲ್ಲಿ 4-3ರಿಂದ ಗೆದ್ದು ಎರಡನೇ ಸಲ ಚಾಂಪಿಯನ್ ಆಯಿತು. ಕೋಚ್ ಮಾಲ್ಕಮ್ ಆಲಿಸನ್ ಬಾಯಿ ದೊಡ್ಡ ಮನುಷ್ಯ. ಯೂರೋಪಿನ ತಂಡಗಳನ್ನೆಲ್ಲ ನಡುಗಿಸುತ್ತೇವೆ ಎಂದು ಸಾರಿಬಿಟ್ಟ. ಯೂರೋಪಿಯನ್ ಕಪ್‌ನ ಮೊದಲ ಸುತ್ತಿನಲ್ಲೇ ಟರ್ಕಿಯ ಫೆನರ್‌ಬಾಚೆ ಇವರನ್ನು ಮನೆಗೆ ಕಳಿಸಿತು. ಲೀಗಿನಲ್ಲಿ 13ನೇ ಸ್ಥಾನ. ಸರಿ, ಕೈಬಿಟ್ಟು ಕೂರೋಣವೆಂದರೆ ಅದೇ ಋತುವಿನಲ್ಲಿ ಎಫ್.ಎ. ಕಪ್ ಗೆದ್ದುಬಂದರು! ಇಂಥವರನ್ನು ಬೈಯುವುದೋ ಹೊಗಳುವುದೋ?

1989ರ ಸೆಪ್ಟೆಂಬರ್ 23ರಂದು ಯುನೈಟೆಡ್ ಅನ್ನು 5-1ರಿಂದ ಬಡಿದರು. ಊರಿಡೀ ಅದೇ ಮಾತು. ಎರಡು ತಿಂಗಳೊಳಗೆ ಡರ್ಬಿಯಲ್ಲಿ 6-0 ಸೋತರು, ಮ್ಯಾನೇಜರ್ ಕೆಲಸ ಕಳೆದುಕೊಂಡ. ಮತ್ತೆ ಡರ್ಬಿ, ನೋಡಿ.

1996ರ ಮೇ 5ರ ಕಥೆ ಹೇಳುವಾಗ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಕೊನೆಯ ದಿನ, ಎದುರಿಗೆ ಲಿವರ್‌ಪೂಲ್. 0-2 ಹಿಂದಿದ್ದ ಸಿಟಿ ಹೋರಾಡಿ 2-2 ಮಾಡಿತು. ಅಷ್ಟರಲ್ಲಿ ಬೇರೆ ಮೈದಾನದಿಂದ ಯಾವುದೋ ತಪ್ಪು ಸುದ್ದಿ ಬಂತು, ಡ್ರಾ ಆದರೆ ಸಾಕು ಎಂದು. ಮ್ಯಾನೇಜರ್ ಅಲನ್ ಬಾಲ್ ಆಟಗಾರರಿಗೆ ಹೊತ್ತು ಕಳೆಯಲು ಹೇಳಿದ. ಚೆಂಡನ್ನು ಮೂಲೆಗೆ ಒಯ್ದು ಕಾಲಡಿ ಇಟ್ಟುಕೊಂಡು ನಿಂತರು. ಬದಲಿಯಾಗಿ ಹೊರಬಂದಿದ್ದ ನಿಯಾಲ್ ಕ್ವಿನ್‌ಗೆ ನಿಜ ತಿಳಿಯಿತು. ಗೆಲ್ಲಲೇಬೇಕು, ಗೋಲು ಹೊಡೆಯಿರಿ ಎಂದು ಅವನು ಓಡಿಬಂದು ಕೂಗಿದ. ಹೊತ್ತು ಮೀರಿತ್ತು. ಅಂಕದಲ್ಲಿ ಕೊವೆಂಟ್ರಿ, ಸೌತಾಂಪ್ಟನ್‌ಗೆ ಸಮನಾಗಿದ್ದರೂ ಗೋಲಿನ ಅಂತರದಲ್ಲಿ ಹಿಂದೆ ಬಿದ್ದು ಕೆಳಗಿಳಿದರು. ರೇಡಿಯೋದಲ್ಲಿ ಕೆಲಸ ಮಾಡುವ ನನಗೆ ಆ ಸುದ್ದಿ ಹೇಳಿದವರ ನಾಲಿಗೆಯ ಮೇಲೇ ಕೋಪ. ಒಂದು ಸ್ಕೋರು ತಪ್ಪು ಹೇಳಿದರೆ ಎಷ್ಟು ಮನೆ ಕೆಡುತ್ತದೆ!

ಎರಡು ವರ್ಷಗಳ ನಂತರ, 1998ರಲ್ಲಿ, ಇನ್ನೂ ಒಂದು ಮೆಟ್ಟಿಲು ಕೆಳಗೆ, ಮೂರನೇ ಹಂತಕ್ಕೆ. ಅದೂ ಹೇಗೆ? ಕೊನೆಯ ದಿನ ಸ್ಟೋಕ್‌ನಲ್ಲಿ 5-2ರಿಂದ ಗೆದ್ದು. ಗೆದ್ದು ಇಳಿದವರು! ಅಭಿಮಾನಿಗಳ ಈ ರೋಗಕ್ಕೆ ಮ್ಯಾನೇಜರ್ ಜೋ ರಾಯ್ಲ್ ಒಂದು ಹೆಸರನ್ನೇ ಇಟ್ಟ: ಸಿಟಿಯೈಟಿಸ್. ಅಪೆಂಡಿಸೈಟಿಸ್ ಇದ್ದ ಹಾಗೆ, ಆದರೆ ಕತ್ತರಿಸಿ ತೆಗೆಯಲು ಬಾರದು.

ನನಗೆ ಅರ್ಥವಾದದ್ದು ಇಷ್ಟು. ಪ್ರತಿ ವಾರ ಸೋಲುವ ತಂಡ ಅಭಿಮಾನಿಯನ್ನು ಅಷ್ಟು ಸುಡುವುದಿಲ್ಲ. ಅವನು ಆಸೆ ಬಿಟ್ಟು ನೆಮ್ಮದಿಯಾಗಿ ಚಹಾ ಕುಡಿಯುತ್ತಾನೆ. ಆದರೆ ಡರ್ಬಿಯಲ್ಲಿ ಏಳು ಗೋಲು ಕಂಡವನು ಏನು ಮಾಡಬೇಕು? ಇವರಿಗೆ ಬರುತ್ತದೆ ಎಂಬುದನ್ನು ಅವನು ಕಣ್ಣಾರೆ ನೋಡಿದ್ದಾನೆ. ಹಾಗಾಗಿ ಮುಂದಿನ ಶನಿವಾರ ಮತ್ತೆ ಹೋಗುತ್ತಾನೆ, ಮತ್ತೆ ಬೆಂಕಿ ಹತ್ತಿಸಿಕೊಂಡು ಬರುತ್ತಾನೆ. ಮೂರನೇ ಹಂತದಲ್ಲಿ ಆಡಿದ ಆ 1998-99ರಲ್ಲಿ ಮೇನ್ ರೋಡ್‌ಗೆ ಸರಾಸರಿ 28 ಸಾವಿರಕ್ಕೂ ಹೆಚ್ಚು ಜನ ಬಂದರು. ಆ ಹಂತದ ಆಟಕ್ಕೆ ಅಷ್ಟು ಜನ ಎಂದರೆ ಹುಚ್ಚೇ ಸರಿ. ಇವರಿಗೆ ಹುಚ್ಚು ಹೊಸದೂ ಅಲ್ಲ. 1988ರ ಸುಮಾರಿಗೆ ಇದೇ ಜನ ಗಾಳಿ ತುಂಬಿದ ದೊಡ್ಡ ದೊಡ್ಡ ಬಾಳೆಹಣ್ಣುಗಳನ್ನು ಹಿಡಿದು ಪಂದ್ಯಕ್ಕೆ ಬರುತ್ತಿದ್ದರು. ತಂಡ ನಗಿಸದಿದ್ದರೆ ನಾವೇ ನಗೋಣ ಎಂಬಂತೆ.

1999ರ ಮೇ 30ರಂದು ವೆಂಬ್ಲಿಯಲ್ಲಿ ಬಡ್ತಿಗಾಗಿ ಗಿಲ್ಲಿಂಗ್‌ಹ್ಯಾಮ್ ವಿರುದ್ಧ ಪಂದ್ಯ. ನಾಲ್ಕು ದಿನದ ಹಿಂದೆಯಷ್ಟೇ ಯುನೈಟೆಡ್ ಯೂರೋಪಿನ ಚಾಂಪಿಯನ್ ಆಗಿತ್ತು. ಇಲ್ಲಿ 87ನೇ ನಿಮಿಷಕ್ಕೆ ಸಿಟಿ 0-2 ಹಿಂದೆ. ಬಹಳಷ್ಟು ಅಭಿಮಾನಿಗಳು ಎದ್ದು ಹೊರಟರು. 90ನೇ ನಿಮಿಷದಲ್ಲಿ ಹಾರ್ಲಾಕ್ ಒಂದು ಗೋಲು, ಹೆಚ್ಚುವರಿ ಐದನೇ ನಿಮಿಷದಲ್ಲಿ ಡಿಕಾಫ್ ಇನ್ನೊಂದು. ಹೊರಗೆ ಹೋಗುತ್ತಿದ್ದವರು ಒಳಗಿನ ಗದ್ದಲ ಕೇಳಿ ಮೆಟ್ಟಿಲು ಹತ್ತಿ ವಾಪಸು ಓಡಿದರು. ಪೆನಾಲ್ಟಿಗಳಲ್ಲಿ ಸಿಟಿ ಗೆದ್ದಿತು.

ಮುಂದಿನದು ಬಹುಪಾಲು ನಿಮಗೆ ಗೊತ್ತಿರುವ ಕಥೆ. 2008ರಲ್ಲಿ ಅಬುಧಾಬಿಯ ಹಣ ಬಂತು. ಯುನೈಟೆಡ್‌ನ ಮೈದಾನದಲ್ಲಿ, ಸಿಟಿ ಕಪ್ ಗೆಲ್ಲದೆ ಎಷ್ಟು ವರ್ಷವಾಯಿತು ಎಂದು ಎಣಿಸುವ ಒಂದು ಬ್ಯಾನರ್ ತೂಗಾಡುತ್ತಿತ್ತು. 35ರವರೆಗೆ ಎಣಿಸಿ 2011ರಲ್ಲಿ ಅದನ್ನು ಇಳಿಸಬೇಕಾಯಿತು. 2012ರ ಮೇ 13ರಂದು ಹತ್ತೇ ಜನ ಉಳಿದಿದ್ದ ಕ್ಯೂ.ಪಿ.ಆರ್. ಎದುರು 1-2 ಹಿಂದಿದ್ದು, ಹೆಚ್ಚುವರಿ ನಿಮಿಷಗಳಲ್ಲಿ ಜೆಕೊ, ಅಗುವೆರೊ ಹೊಡೆದ ಎರಡು ಗೋಲಿನಿಂದ 44 ವರ್ಷಗಳ ನಂತರ ಲೀಗ್ ಗೆದ್ದರು. ಹಣ ಬಂದರೂ ಹಳೆಯ ಚಾಳಿ ಹೋಗಿರಲಿಲ್ಲ.

2025ರ ಮೇ 17, ಶನಿವಾರ. ಎಫ್.ಎ. ಕಪ್ ಫೈನಲ್‌ನಲ್ಲಿ ಸಿಟಿ ಕ್ರಿಸ್ಟಲ್ ಪ್ಯಾಲೇಸ್‌ಗೆ 1-0 ಸೋತಿತು, ಸಿಕ್ಕ ಪೆನಾಲ್ಟಿಯನ್ನೂ ಕಳೆದುಕೊಂಡು. ಮರುದಿನ ಬೆಳಗಿನ ಕಾರ್ಯಕ್ರಮಕ್ಕೆ ಮತ್ತೆ ಅದೇ ಡೊಂಬಿವಿಲಿ ಕರೆ. ದನಿಯಲ್ಲೇ ಗುರುತು ಸಿಕ್ಕಿತು. "ಮತ್ತೆ ದುಃಖದ ಹಾಡೇನಪ್ಪಾ?" ಎಂದು ನಾನೇ ಕೇಳಿದೆ.

"ಬ್ಯಾಡ್ರಿ ಅಕ್ಕಾರ" ಅಂದ. "ಮಂಗಳವಾರ ರಾತ್ರಿ ಬೋರ್ನ್‌ಮತ್ ಜೋಡಿ ಮ್ಯಾಚ್ ಐತಿ. ಚಲೋದೊಂದು ಹಾಡ ಹಾಕ್ರಿ."