ಒಂದೇ ಶಿಬಿರದಲ್ಲಿದ್ದವರು

ಕೆರಿಬಿಯನ್ ದ್ವೀಪರಾಷ್ಟ್ರ ಕ್ಯೂಬಾ 2022ರ ಸೆಪ್ಟೆಂಬರ್ 25ರಂದು ಜನಮತಗಣನೆ ನಡೆಸಿ ಸಲಿಂಗ ವಿವಾಹವನ್ನು ಒಪ್ಪಿತು. ಪರವಾಗಿ ಬಿದ್ದದ್ದು ಸುಮಾರು ಶೇ. 67 ಮತ. ಸರಕಾರ ಕೇಳಿದ್ದಕ್ಕೆಲ್ಲ ಭಾರಿ ಬಹುಮತ ಬರುವ ದೇಶದಲ್ಲಿ ಇದು ಕಡಿಮೆಯೇ!

ಇದೇ ಸರಕಾರ 1965ರಲ್ಲಿ ಸಲಿಂಗಕಾಮಿಗಳನ್ನು ಹಿಡಿದು ಕಮಾಗ್ವೆ ಪ್ರಾಂತದ ದುಡಿಮೆ ಶಿಬಿರಗಳಿಗೆ ಅಟ್ಟಿ ಕಬ್ಬು ಕಡಿಸಿತ್ತು. ಅಲ್ಲಿ ಪಾದ್ರಿಗಳೂ ಇದ್ದರು. ಮುಂದೆ ಕಾರ್ಡಿನಲ್ ಆದ ಹೈಮೆ ಒರ್ತೇಗಾ ಅವರಲ್ಲೊಬ್ಬರು. 1968ರಲ್ಲಿ ಶಿಬಿರಗಳು ಮುಚ್ಚಿದವು. ಆ ಅನ್ಯಾಯಕ್ಕೆ ತಾನೇ ಹೊಣೆಯೆಂದು ಫಿಡೆಲ್ ಕ್ಯಾಸ್ಟ್ರೋ ಒಪ್ಪಿಕೊಳ್ಳಲು 2010 ಬರಬೇಕಾಯಿತು.

ಸಂವಿಧಾನದ 2018ರ ಕರಡಿನಲ್ಲೇ ಸಲಿಂಗ ವಿವಾಹಕ್ಕೆ ಜಾಗವಿತ್ತು. ವಿರೋಧಿಸಿದವರಲ್ಲಿ ಚರ್ಚುಗಳೇ ಮುಂದು. ಒಂದು ಕಾಲಕ್ಕೆ ಒಂದೇ ಬೇಲಿಯೊಳಗೆ ಬೆವರು ಸುರಿಸಿದವರ ಕಡೆಯವರು! ಸರಕಾರ ಹಿಂಜರಿದು ಆ ಮಾತನ್ನು ಕೈಬಿಟ್ಟಿತು. ನಾಲ್ಕು ವರ್ಷದ ಬಳಿಕ ಕುಟುಂಬ ಸಂಹಿತೆಯಲ್ಲಿ ಸೇರಿಸಿ ಜನರ ಮುಂದಿಟ್ಟಿತು. ಅದೇ ವರ್ಷ ಹೊಸ ದಂಡಸಂಹಿತೆಯನ್ನು ಮಾತ್ರ ಜನರ ಮತಕ್ಕೆ ಬಿಡದೆ ಸಂಸತ್ತಿನಲ್ಲೇ ಮುಗಿಸಿತು.